ಕಣ್ಣೊಣಗಿದರೆ ‘ಉಷ್ಣ’ವೇ?

ಪತ್ರಿಕೆಗಳ ಆರೋಗ್ಯ ಪುಟಗಳನ್ನು ಗಮನಿಸಿ. ಕಣ್ಣು ಒಣಗುತ್ತಿದೆಯೇ? ಬಿಸಿಲು, ದೂಳು, ಕಂಪ್ಯೂಟರ್ ಪರದೆ ಕಾರಣ. ಬಾಯಿ ಒಣಗಿದರೆ ‘ಉಷ್ಣ’. ಪರಿಹಾರ ಎಳನೀರು, ಮಜ್ಜಿಗೆ. ಬಹಳ ಮಂದಿಗೆ ಇಷ್ಟೇ ಸಾಕಾಗಬಹುದು. ಆದರೆ ಬರಹ ಅಲ್ಲಿಗೇ ನಿಲ್ಲುವುದು ಸರಿಯಲ್ಲ.

ಜುಲೈ ತಿಂಗಳ ಸಕಲೇಶಪುರವನ್ನು ತೆಗೆದುಕೊಳ್ಳಿ. ಇಲ್ಲಿಯೂ ಪಕ್ಕದ ಆಲೂರಿನ ಗುಡ್ಡಗಳಲ್ಲಿಯೂ ಒಗೆದ ಬಟ್ಟೆಯನ್ನು ಒಲೆಯ ಹತ್ತಿರ ಹರವದೆ ಒಣಗದು. ಬಟ್ಟೆಯೇ ಒಣಗದ ಊರಿನಲ್ಲಿ ಕಣ್ಣು ಒಣಗುವುದು ಹೇಗೆ? ಗಾಳಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಎನ್ನೋಣ. ಕಣ್ಣಿನ ಮೇಲ್ಮೈ ಸುಮಾರು 34 ಡಿಗ್ರಿ. ಅಲ್ಲಿ ನೀರಿನ ಸಂತೃಪ್ತ ಬಾಷ್ಪ ಒತ್ತಡ 20 ಡಿಗ್ರಿಯಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಮಂಜು ಕವಿದಾಗಲೂ ಕಣ್ಣೀರು ಆವಿಯಾಗುತ್ತಲೇ ಇರುತ್ತದೆ; ಆ ನಷ್ಟವನ್ನು ಅಶ್ರುಗ್ರಂಥಿ ತುಂಬಿಕೊಡುತ್ತದೆ. ಹವೆಯನ್ನು ದೂರುವ ಮುನ್ನ ಗ್ರಂಥಿಯನ್ನು ವಿಚಾರಿಸಬೇಕು.

ಮಳೆಗಾಲದಲ್ಲೂ ಕಣ್ಣಿನಲ್ಲಿ ಮರಳು ಬಿದ್ದಂತಿದೆ, ನೀರಿಲ್ಲದೆ ಅಕ್ಕಿರೊಟ್ಟಿ ಗಂಟಲಿಗಿಳಿಯದು ಎಂದು ಮಹಿಳೆಯೊಬ್ಬರು ಮೂರು ತಿಂಗಳಿನಿಂದ ಹೇಳುತ್ತಿದ್ದರೆ, ಸೇವಿಸುತ್ತಿರುವ ಔಷಧಿಗಳ ಜೊತೆಗೆ ಶೋಗ್ರೆನ್ ರೋಗವನ್ನೂ ಶಂಕಿಸಬೇಕು. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ 1933ರ ಪ್ರಬಂಧದಲ್ಲಿ ಇಂತಹ 19 ಮಹಿಳೆಯರನ್ನು ವಿವರಿಸಿದರು. 13 ಮಂದಿಗೆ ಸಂಧಿವಾತವೂ ಇತ್ತು. ಈ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮಹಿಳೆಯರು.

ರೋಗದ ಹೆಸರು ಹೇಳುವ ಲೇಖನಗಳ ಬಗೆಗೂ ನನ್ನ ತಕರಾರಿದೆ. ‘ದೇಹದ ಸೈನಿಕರೇ ದಂಗೆಯೆದ್ದು ಗ್ರಂಥಿಯನ್ನು ನಾಶ ಮಾಡುತ್ತಾರೆ’ ಎಂಬ ಉಪಮೆ ತರಗತಿಯಲ್ಲಿ ಚೆನ್ನಾಗಿ ಓಡುತ್ತದೆ. ಲಿಂಫೋಸೈಟುಗಳು ಗ್ರಂಥಿಯಲ್ಲಿ ಗುಂಪುಗೂಡುವುದು ನಿಜ. ಆದರೆ ಗ್ರಂಥಿ ಪೂರ್ತಿ ನಾಶವಾಗಿದ್ದರೆ ಪೈಲೋಕಾರ್ಪಿನ್ ಮಾತ್ರೆ ಯಾರಿಗೂ ಫಲ ಕೊಡಬಾರದಿತ್ತು. ಅದು ಉಳಿದಿರುವ ಜೀವಕೋಶಗಳನ್ನು ಪ್ರಚೋದಿಸಿ ಜೊಲ್ಲನ್ನು ಹೆಚ್ಚಿಸುತ್ತದೆ. ಅಂದರೆ ಅನೇಕರಲ್ಲಿ ಕೋಶಗಳು ಬದುಕಿದ್ದೂ ಸ್ರವಿಸುತ್ತಿಲ್ಲ. ಏಕೆ ಎಂದು ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಯನ್ನು ಸೈನಿಕರು ಮೊದಲೇ ಮುಗಿಸಿಬಿಟ್ಟಿರುತ್ತಾರೆ!

ಇದಕ್ಕಿಂತ ಒಳ್ಳೆಯ ಪಾಠ 1903ರ ಶಿರ್ಮರ್ ಪರೀಕ್ಷೆ. ಕೆಳರೆಪ್ಪೆಗೆ ಸಿಕ್ಕಿಸಿದ ಸೋಸುಕಾಗದದ ಪಟ್ಟಿಯಲ್ಲಿ ಲೋಮನಾಳ ಕ್ರಿಯೆಯಿಂದ ಕಣ್ಣೀರು 5 ನಿಮಿಷಗಳಲ್ಲಿ 5 ಮಿ.ಮೀ. ದಾಟದಿದ್ದರೆ ಸಂಶಯಕ್ಕೆ ಆಧಾರವಿದೆ. (ತರಗತಿಯಲ್ಲಿ ಲೋಟದ ನೀರು ಸಾಕು, ಮಕ್ಕಳ ಕಣ್ಣು ಬೇಡ.) ಮುಂದೆ ರಕ್ತದಲ್ಲಿ ಆ್ಯಂಟಿ-ರೋ ಪ್ರತಿಕಾಯದ ಪರೀಕ್ಷೆ, ಬೇಕಾದರೆ ತುಟಿಯ ಒಳಗಿನ ಪುಟ್ಟ ಗ್ರಂಥಿಗಳ ಬಯಾಪ್ಸಿ.

ಎಳನೀರಿನಲ್ಲೇ ವರ್ಷ ಕಳೆದರೆ ಜೊಲ್ಲಿಲ್ಲದ ಬಾಯಲ್ಲಿ ಹಲ್ಲುಗಳು ಬೇಗ ಹುಳುಕಾಗುತ್ತವೆ. ಕೆಲವರಲ್ಲಿ ಲಿಂಫೋಮ ತಲೆದೋರುತ್ತದೆ. ಕೆನ್ನೆಯ ಗ್ರಂಥಿ ಊದಿ ಹಾಗೆಯೇ ಉಳಿದರೆ ತಡಮಾಡಬಾರದು. ಆ್ಯಂಟಿ-ರೋ ಇರುವ ತಾಯಿಯ ಗರ್ಭದಲ್ಲಿನ ಮಗುವಿಗೆ, ಅಪರೂಪವಾಗಿಯಾದರೂ, ಹೃದಯದ ವಿದ್ಯುತ್ ಸಂಕೇತಕ್ಕೇ ತಡೆಯುಂಟಾಗಬಹುದು. ಮಜ್ಜಿಗೆಯ ಸಲಹೆಯ ಕೆಳಗೆ ಈ ಮೂರು ಸಾಲುಗಳಿಗೆ ಸ್ಥಳವಿರಲಿಲ್ಲವೇ?