ಒಂದು ಪೊಟ್ಟಣ ಓಆರ್‌ಎಸ್

ಹೊಟ್ಟೆಯ ಔಷಧಗಳಲ್ಲಿ ನನ್ನ ಮಟ್ಟಿಗೆ ಮೊದಲ ಮಣೆ ಓಆರ್‌ಎಸ್‌ಗೆ. ಪೊಟ್ಟಣದಲ್ಲಿರುವುದು 20.5 ಗ್ರಾಂ ಪುಡಿ: 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, ಉಳಿದದ್ದು ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಜಾಣತನವಿರುವುದು ಈ ಅಳತೆಯಲ್ಲೇ. ಕಾಲರಾದಲ್ಲಿ ಕರುಳು ಎಷ್ಟೇ ಸೋರಿದರೂ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುವ ದಾರಿ ಮುಚ್ಚುವುದಿಲ್ಲ. ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಬಾಯಿರುಚಿಗೆಂದು ಮೇಲೆ ಸಕ್ಕರೆ ಸುರಿದಿರೋ, ಅದು ಮೈಯ ನೀರನ್ನೇ ಕರುಳಿಗೆ ಸೆಳೆದು ಭೇದಿ ಹೆಚ್ಚಿಸುತ್ತದೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಂದ ತುಂಬಿದ್ದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಇಂಥ ದ್ರಾವಣವನ್ನೇ ಡ್ರಮ್‌ಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗಿಳಿಯಿತು.

ಇದು ಭೇದಿ ನಿಲ್ಲಿಸುವುದಿಲ್ಲವಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಮೈಯ ನೀರು, ಲವಣ ಬತ್ತುವುದು. ಅದನ್ನು ಇದು ತುಂಬಿಕೊಡುತ್ತದೆ. ಕರುಳಿನ ಚಲನೆಯನ್ನೇ ಕಟ್ಟುವ ಲೋಪೆರಮೈಡ್ ಚಿಕ್ಕ ಮಕ್ಕಳಿಗೆ ಅಪಾಯ. ಕುಡಿದದ್ದೆಲ್ಲ ವಾಂತಿಯಾಗುತ್ತದೆ ಎನ್ನುವವರಿಗೆ ನರ್ಸ್‌ಗಳ ಬಳಿ ಉತ್ತರವಿದೆ: ಹತ್ತು ನಿಮಿಷ ತಡೆದು, ಮತ್ತೆ ಚಮಚ ಚಮಚವಾಗಿ, ಎರಡು ಮೂರು ನಿಮಿಷಕ್ಕೊಮ್ಮೆ. (ಆ ತಾಳ್ಮೆಯೂ ಡೋಸಿನ ಭಾಗವೇ.) ಕಣ್ಣು ಗುಳಿಬಿದ್ದು ಮಂಕಾದ, ಕುಡಿಯಲಾರದ ಮಗುವಿಗೆ ಡ್ರಿಪ್ಪೇ ಬೇಕು, ಅದರಲ್ಲಿ ವಾದವಿಲ್ಲ. ಈ ಪೊಟ್ಟಣವನ್ನು ಪೂರ್ತಿಯಾಗಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಹಾಕಿ; ಲೋಟಕ್ಕಿಷ್ಟು ಎಂದು ಅಂದಾಜಿನಲ್ಲಿ ಕಲಸಬೇಡಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿಬಿಡಿ.