ಛತ್ರದವನಿಗೆ ಕೊಟ್ಟ ಮಾತು

ದಯಾಳು ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತಾ ಬಂದಿದ್ದೇವೆ. ಅವನು ಗಾಯಾಳುವನ್ನು ಎತ್ತಿಕೊಂಡದ್ದು ನಮಗೆ ನೆನಪಿದೆ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟದ್ದನ್ನು ಮರೆಯುತ್ತೇವೆ. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವುದಾಗಿ ಆತ ಮಾತು ಕೊಟ್ಟ (ಲೂಕ 10:25-37). ಇಷ್ಟೇ ದಿನಗಳಲ್ಲಿ ಗಾಯ ಮಾಯಬೇಕೆಂಬ ಕರಾರನ್ನು ಹಾಕಲಿಲ್ಲ.

ಅಮೆರಿಕದಲ್ಲಿ ‘ಮ್ಯಾನೇಜ್ಡ್ ಕೇರ್’ ಎನ್ನಲಾಗುವ ನಿಯಂತ್ರಿತ ಆರೋಗ್ಯಸೇವೆಯನ್ನು, ಅದರಲ್ಲೂ ಮನಃಶಾಸ್ತ್ರಜ್ಞರಿಗೆ ಅಲ್ಲಿ ದೊರೆತಿರುವ ಸ್ಥಾನವನ್ನು, ಈ ಸಾಮತಿಯ ಬೆಳಕಿನಲ್ಲಿ ವಿಮರ್ಶಿಸುವ ಅಗತ್ಯವಿದೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಬಾಳುತ್ತಿದ್ದಾರೆ.

1973ರಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಿಂದ ಈ ಪದ್ಧತಿಗೆ ಬಲ ಬಂದಿತು. ವಿಮಾ ಸಂಸ್ಥೆ ತಾನು ಒಪ್ಪಂದ ಮಾಡಿಕೊಂಡ ಚಿಕಿತ್ಸಕರ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ, ಶುಲ್ಕವನ್ನು ನಿಗದಿಪಡಿಸುತ್ತದೆ, ಚಿಕಿತ್ಸೆ ಅಗತ್ಯವೇ ಎಂದು ಪರಿಶೀಲಿಸುತ್ತದೆ. ಮನಃಶಾಸ್ತ್ರಜ್ಞರು ಇಲ್ಲಿ ಎರಡೂ ಬದಿಯಲ್ಲಿದ್ದಾರೆ. ಒಬ್ಬರು ರೋಗಿಯ ಎದುರು ಕುಳಿತು ಆಲಿಸುತ್ತಾರೆ. ಇನ್ನೊಬ್ಬರು ಸಂಸ್ಥೆಯ ಪರವಾಗಿ ಕಡತವನ್ನು ಓದಿ, ಆ ಚಿಕಿತ್ಸೆ ಮುಂದುವರಿಯಬೇಕೇ ಎಂದು ಅಭಿಪ್ರಾಯ ಕೊಡುತ್ತಾರೆ. ರೋಗಿಯ ಮುಖವನ್ನು ಅವರು ಕಂಡಿರುವುದಿಲ್ಲ.

ಹಾಗೆಂದು ಈ ವ್ಯವಸ್ಥೆಯನ್ನು ಸಾರಾಸಗಟಾಗಿ ಖಂಡಿಸುವುದು ನ್ಯಾಯವಲ್ಲ. ವಿಮೆಯ ನಿಧಿ ಅನೇಕರ ದುಡಿಮೆಯ ಹಣ. ಅದು ಪೋಲಾಗದಂತೆ ಕಾಯುವವರು ಬೇಕು. ಗುರಿಯಿಲ್ಲದೆ ವರ್ಷಗಟ್ಟಲೆ ಎಳೆಯುವ ಚಿಕಿತ್ಸೆ ರೋಗಿಗೂ ಹಿತವಲ್ಲ. ಫಲವೇನೆಂದು ಚಿಕಿತ್ಸಕರನ್ನು ಕೇಳಲೇಬೇಕು. ಯಾವ ಅಳತೆಗೋಲನ್ನು ಹಿಡಿದು ಕೇಳುತ್ತೇವೆ ಎಂಬುದೇ ಪ್ರಶ್ನೆ.

ಬಹುಕಾಲ ಆ ಅಳತೆಗೋಲು ಭೇಟಿಗಳ ಲೆಕ್ಕವಾಗಿತ್ತು. ದೇಹದ ಕಾಯಿಲೆಗಿಲ್ಲದ ಮಿತಿಗಳು ಮನಸ್ಸಿನ ಕಾಯಿಲೆಗಿದ್ದವು. 1996ರ ಕಾನೂನು ಹಣದ ಮಿತಿಯಲ್ಲಿದ್ದ ತಾರತಮ್ಯವನ್ನು ತಡೆಯಿತಾದರೂ ಭೇಟಿಗಳ ಎಣಿಕೆಯನ್ನು ಮುಟ್ಟಲಿಲ್ಲ. 2008ರ ಕಾನೂನು ಆ ತಾರತಮ್ಯವನ್ನೂ ನಿಷೇಧಿಸಿತು. ಆಗ ವಾದವೆಲ್ಲ ‘ಅಗತ್ಯ’ ಎಂಬ ಒಂದೇ ಪದದ ಸುತ್ತ ಬಂದು ನಿಂತಿತು. 2019ರಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯವೊಂದು, ಯುನೈಟೆಡ್ ಬಿಹೇವಿಯರಲ್ ಹೆಲ್ತ್ ಸಂಸ್ಥೆಯ ಮಾರ್ಗಸೂಚಿಗಳು ತತ್ಕಾಲದ ತೀವ್ರ ಲಕ್ಷಣಗಳಿಗೆ ಒತ್ತು ಕೊಟ್ಟು ಮೂಲರೋಗವನ್ನು ಕಡೆಗಣಿಸಿವೆ ಎಂದು ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಆ ತೀರ್ಪಿನ ಬಹುಭಾಗ ನಿಲ್ಲಲಿಲ್ಲ. ಆದರೆ 2020ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು, ತನ್ನ ವ್ಯಾಪ್ತಿಯ ವಿಮೆಗಳು ವೃತ್ತಿಯಲ್ಲಿ ಸರ್ವಸಮ್ಮತವಾದ ಮಾನದಂಡಗಳನ್ನೇ ಅನುಸರಿಸಬೇಕೆಂದು ಕಾನೂನು ಮಾಡಿತು.

ಪಾಪನಿವೇದನೆಯನ್ನು ಆಲಿಸುವ ಗುರುವಾದ ನನ್ನನ್ನು ಇನ್ನೊಂದು ಸಂಗತಿಯೂ ಕಾಡುತ್ತದೆ. ಮನೋಚಿಕಿತ್ಸೆ ಸಂಸ್ಕಾರವಲ್ಲ, ನಿಜ. ಆದರೂ ಹೃದಯವನ್ನು ತೆರೆಯುವವನಿಗೆ ತನ್ನ ಮಾತು ಆ ಕೋಣೆಯಲ್ಲೇ ಉಳಿಯುವುದೆಂಬ ಭರವಸೆ ಬೇಕು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ 1996ರಲ್ಲಿ ಈ ಗೌಪ್ಯವನ್ನು ಎತ್ತಿಹಿಡಿಯಿತು. ಹೀಗಿದ್ದರೂ ಹಣ ಮಂಜೂರಾಗಬೇಕಾದರೆ ರೋಗದ ಹೆಸರನ್ನು, ಎಷ್ಟೋ ಸಲ ಚಿಕಿತ್ಸೆಯ ಯೋಜನೆಯನ್ನೂ ಸಂಸ್ಥೆಗೆ ತಿಳಿಸಬೇಕಾಗುತ್ತದೆ. ಇದನ್ನರಿತವನು ಅಳೆದು ತೂಗಿ ಮಾತನಾಡಿದರೆ ಅವನ ಗಾಯದ ಆಳ ಚಿಕಿತ್ಸಕನಿಗೆ ತಿಳಿಯುವುದಾದರೂ ಹೇಗೆ?

ಇದು ಪರದೇಶದ ಕಥೆಯಷ್ಟೇ ಅಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ 29ರಂದು ಜಾರಿಗೆ ಬಂದಿತು. ದೇಹದ ಕಾಯಿಲೆಗಿರುವ ವಿಮೆಯನ್ನು ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಗೂ ಒದಗಿಸಬೇಕೆಂದು ಅದು ವಿಧಿಸುತ್ತದೆ. ಆದರೆ ನಮ್ಮ ವಿಮೆಗಳು ಹೆಚ್ಚಾಗಿ ಆಸ್ಪತ್ರೆಯಲ್ಲಿ ದಾಖಲಾದವರಿಗಾಗಿ ರೂಪುಗೊಂಡವು. ವಾರವಾರವೂ ನಡೆಯುವ ಮಾತಿನ ಚಿಕಿತ್ಸೆ ಅನೇಕ ವೇಳೆ ಅವುಗಳ ಹೊರಗೇ ಉಳಿಯುತ್ತದೆ. ಇಲ್ಲಿ ಬಾಗಿಲು ಈಗಷ್ಟೇ ತೆರೆಯುತ್ತಿರುವುದರಿಂದ ಅಳತೆಗೋಲನ್ನು ಕುರಿತು ಮಾತನಾಡಲು ಇದೇ ತಕ್ಕ ಕಾಲ.

ಆದ್ದರಿಂದ ನಿಮ್ಮ ಮನೆಯ ವಿಮಾಪತ್ರವನ್ನು ಒಮ್ಮೆ ತೆರೆದು ಓದಿರಿ. ದೂರದೇಶದಲ್ಲಿರುವ ಮಗನೋ ಮಗಳೋ ನಿದ್ರೆಯಿಲ್ಲದೆ ಸೊರಗುತ್ತಿದ್ದರೆ, ಪ್ರಾರ್ಥಿಸುವುದರ ಜೊತೆಗೆ ತಜ್ಞರ ಬಳಿಗೆ ಹೋಗಲು ಧೈರ್ಯ ತುಂಬಿರಿ. ವಿಮೆ ನಿರಾಕರಣೆಯಾದರೆ ಮೇಲ್ಮನವಿಯ ಹಕ್ಕಿದೆಯೆಂದು ನೆನಪಿಸಿರಿ. ಮನಃಶಾಸ್ತ್ರವನ್ನು ಅಭ್ಯಸಿಸುತ್ತಿರುವ ನಮ್ಮ ಯುವಜನರಿಗೂ ಒಂದು ಮಾತು: ಮುಂದೆ ನೀವು ಕಡತ ಓದುವ ಮೇಜಿನ ಹಿಂದೆ ಕುಳಿತರೂ, ಆ ಹಾಳೆಯ ಆಚೆಗೆ ಗಾಯಗೊಂಡವನೊಬ್ಬ ಛತ್ರದಲ್ಲಿ ಮಲಗಿದ್ದಾನೆ ಎಂಬುದನ್ನು ಮರೆಯದಿರಿ.