ಅಸ್ಥಿಯ ಸಾಕ್ಷ್ಯ, ಜನದ ಸಾಕ್ಷ್ಯ

ಒಂದು ಜನಾಂಗದ ಮೂಲವನ್ನು ಹೇಳಹೊರಟವನು ಗತಕಾಲವನ್ನಷ್ಟೇ ಬರೆಯುವುದಿಲ್ಲ. ಆ ಜನಾಂಗದ ಇಂದಿನ ಹಕ್ಕುಗಳನ್ನೂ ತಿಳಿದೋ ತಿಳಿಯದೆಯೋ ಮುಟ್ಟುತ್ತಾನೆ. ಅಮೆರಿಕಾ ಖಂಡಗಳ ಮೂಲನಿವಾಸಿಗಳನ್ನು ಕುರಿತ ಎರಡು ಗ್ರಂಥಗಳನ್ನು ಜೊತೆಯಲ್ಲಿಟ್ಟು ಓದಿದಾಗ ಈ ಮಾತು ಮನವರಿಕೆಯಾಗುತ್ತದೆ. ಹಾರ್ವರ್ಡಿನ ತಳಿವಿಜ್ಞಾನಿ ಡೇವಿಡ್ ರೈಕ್ ಅವರ ‘ಹೂ ವೀ ಆರ್ ಅಂಡ್ ಹೌ ವೀ ಗಾಟ್ ಹಿಯರ್’ 2018ರಲ್ಲಿ ಪ್ರಕಟವಾಯಿತು. ಕಾನ್ಸಾಸ್ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞೆ ಜೆನಿಫರ್ ರಾಫ್ ಅವರ ‘ಆರಿಜಿನ್’ 2022ರಲ್ಲಿ. ಮೊದಲನೆಯದು ಮಾನವಕುಲದ ಸಮಗ್ರ ಕಥೆಯನ್ನು ಹೇಳುವ ಗ್ರಂಥ; ಅಮೆರಿಕಾದ ಮೂಲನಿವಾಸಿಗಳಿಗೆ ಅದರಲ್ಲಿ ಒಂದು ಅಧ್ಯಾಯ ಮೀಸಲು. ಎರಡನೆಯದರ ವಿಷಯವೆಲ್ಲ ಅದೇ. ಇಬ್ಬರ ಉಪಕರಣವೂ ಒಂದೇ, ಪ್ರಾಚೀನ ಅಸ್ಥಿಗಳಲ್ಲಿ ಉಳಿದ ಡಿ.ಎನ್.ಎ.

ಸತ್ತ ದೇಹದಲ್ಲಿ ಈ ದ್ರವ್ಯವು ತುಂಡುತುಂಡಾಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳದೂ, ಎಲುಬನ್ನು ಮುಟ್ಟಿದವರದೂ ಅದರೊಡನೆ ಬೆರೆಯುತ್ತದೆ. ಒಳಗಿವಿಯನ್ನು ಆವರಿಸಿದ ಗಟ್ಟಿ ಎಲುಬಿನಲ್ಲಿ ಅದು ಹೆಚ್ಚಾಗಿ ಉಳಿದಿರುತ್ತದೆಂದು ತಿಳಿದ ಮೇಲೆ ಶೋಧಕಾರ್ಯ ಬಹಳ ಸುಗಮವಾಯಿತು. ಆದರೆ ಎಲುಬನ್ನು ಕೊರೆದು ಪುಡಿಮಾಡದೆ ಫಲ ದೊರೆಯದು. ಶಾಸ್ತ್ರಜ್ಞನಿಗೆ ಆ ಪುಡಿ ಮಾದರಿ. ಮೂಲನಿವಾಸಿಗೆ ಅದು ಪೂರ್ವಜನ ದೇಹ. ಈ ಎರಡು ದೃಷ್ಟಿಗಳ ಘರ್ಷಣೆ ಎಷ್ಟು ತೀವ್ರವಾಗಬಲ್ಲುದೆಂಬುದಕ್ಕೆ ಕೆನ್ನೆವಿಕ್ ಪ್ರಕರಣ ಸಾಕು.

1996ರ ಜುಲೈ ತಿಂಗಳಲ್ಲಿ ವಾಷಿಂಗ್ಟನ್ ರಾಜ್ಯದ ಕೆನ್ನೆವಿಕ್ ಪಟ್ಟಣದ ಬಳಿ, ಕೊಲಂಬಿಯಾ ನದಿಯ ದಡದಲ್ಲಿ, ಸುಮಾರು 8,500 ವರ್ಷಗಳಷ್ಟು ಹಿಂದಿನ ಪುರುಷನೊಬ್ಬನ ಅಸ್ಥಿಪಂಜರ ದೊರೆಯಿತು. ತಲೆಬುರುಡೆಯ ಆಕಾರ ಇಂದಿನ ಮೂಲನಿವಾಸಿಗಳದನ್ನು ಹೋಲುವುದಿಲ್ಲವೆಂಬ ಮಾತು ಹೊರಬಿದ್ದದ್ದೇ ತಡ, ಯುರೋಪಿನವರೇ ಅಲ್ಲಿಗೆ ಮೊದಲು ಬಂದಿರಬೇಕೆಂಬ ವದಂತಿ ಪತ್ರಿಕೆಗಳಲ್ಲಿ ಹರಡಿತು. ಆ ಮುಖವನ್ನು ಮಣ್ಣಿನಲ್ಲಿ ಪುನಾರಚಿಸಿದಾಗ ಅದು ಆಂಗ್ಲ ನಟನೊಬ್ಬನನ್ನು ಹೋಲಿತಂತೆ! ಕಾಲ್‌ವಿಲ್, ಯಾಕಮಾ, ಯುಮಟಿಲಾ, ನೆಜ್ ಪರ್ಸ್ ಮತ್ತು ವಾನಪಮ್ ಜನರು ಆತನನ್ನು ‘ಪುರಾತನನು’ ಎಂದು ಕರೆದು, 1990ರ ಸಮಾಧಿ ಸಂರಕ್ಷಣಾ ಶಾಸನದ ಅನ್ವಯ, ಮತ್ತೆ ಮಣ್ಣು ಮಾಡಲು ಬೇಡಿದರು. ಎಂಟು ಮಂದಿ ವಿದ್ವಾಂಸರು ನ್ಯಾಯಾಲಯಕ್ಕೆ ಹೋದರು. 2004ರಲ್ಲಿ ಮೇಲ್ಮನವಿ ನ್ಯಾಯಾಲಯವು ವಿದ್ವಾಂಸರ ಪರವಾಗಿ ತೀರ್ಪಿತ್ತಿತು. ಇಂದಿನ ಜನರೊಡನೆ ಈ ಅಸ್ಥಿಗಳ ಸಂಬಂಧ ಸಿದ್ಧವಾಗಿಲ್ಲವೆಂದೂ, ಅಷ್ಟು ಹಿಂದಿನ ಕಾಲಕ್ಕೆ ಬಾಯ್ದೆರೆಯ ಪರಂಪರೆಯನ್ನು ಆಧಾರವಾಗಿ ಕೊಳ್ಳಲಾಗದೆಂದೂ ಅದರ ಅಭಿಪ್ರಾಯ.

ಹನ್ನೊಂದು ವರ್ಷಗಳ ಅನಂತರ, 2015ರಲ್ಲಿ, ಕೋಪನ್‌ಹೇಗನ್ನಿನ ಎಸ್ಕೆ ವಿಲರ್‌ಸ್ಲೆವ್ ಅವರ ತಂಡ ಕೈಯೆಲುಬಿನ ಚೂರೊಂದರಿಂದ ಜಿನೋಮನ್ನು ಓದಿತು. ಜಗತ್ತಿನ ಬೇರಾವ ಜನರಿಗಿಂತಲೂ ಅಮೆರಿಕಾದ ಮೂಲನಿವಾಸಿಗಳಿಗೇ ಆತನು ಹತ್ತಿರದವನೆಂದು ಸಿದ್ಧವಾಯಿತು. ಹೋಲಿಕೆಗೆ ತಮ್ಮ ಮಾದರಿಗಳನ್ನು ಕೊಟ್ಟವರು, ಐದು ಸಮುದಾಯಗಳ ಪೈಕಿ, ಕಾಲ್‌ವಿಲ್ಲಿನವರು. 2016ರ ಡಿಸೆಂಬರಿನಲ್ಲಿ ಶಾಸನವಾಗಿ, 2017ರ ಫೆಬ್ರವರಿ 18ರಂದು ಆತನಿಗೆ ಬಹಿರಂಗಪಡಿಸದ ಸ್ಥಳದಲ್ಲಿ ಮಣ್ಣಾಯಿತು.

ಜನರ ಮಾತು ನಿಜವೆಂದು ವಿಜ್ಞಾನ ಒಪ್ಪಿತು, ಇನ್ನೇನು ಬೇಕು ಎಂದು ಹರ್ಷಿಸುವವರುಂಟು. ತೊಡಕು ಇರುವುದು ಇಲ್ಲಿಯೇ. ಹಕ್ಕು ಸಿದ್ಧವಾದದ್ದು ಜನರ ಮಾತಿನಿಂದಲ್ಲ, ಪ್ರಯೋಗಶಾಲೆಯಿಂದ. ಫಲಿತಾಂಶ ಮತ್ತೊಂದು ಬಗೆಯಾಗಿದ್ದರೆ? ಎಂಟೂವರೆ ಸಾವಿರ ವರ್ಷಗಳಲ್ಲಿ ಜನರು ಬೆರೆತಿರುತ್ತಾರೆ, ಅಗಲಿರುತ್ತಾರೆ. ರಕ್ತದ ಸಾತತ್ಯವಿಲ್ಲದೆಯೂ ನೆಲದ, ನುಡಿಯ, ಆಚರಣೆಯ ಸಾತತ್ಯ ಇರಬಲ್ಲುದು. ‘ನೇಟಿವ್ ಅಮೆರಿಕನ್ ಡಿ.ಎನ್.ಎ.’ ಎಂಬ 2013ರ ಕೃತಿಯಲ್ಲಿ ಕಿಮ್ ಟಾಲ್‌ಬೇರ್ ಅವರು, ಸ್ವತಃ ಸಿಸೆಟನ್–ವಾಪೆಟನ್ ಸಮುದಾಯದವರು, ಬುಡಕಟ್ಟಿನ ಸದಸ್ಯತ್ವವೆಂಬುದು ಸಂಬಂಧಗಳಿಂದಲೂ ರಾಜಕೀಯ ಅಧಿಕಾರದಿಂದಲೂ ಆದದ್ದೇ ಹೊರತು ಜೀವಕೋಶದಲ್ಲಿ ಬರೆದದ್ದಲ್ಲವೆಂದು ವಾದಿಸುತ್ತಾರೆ. ಎರಡೂ ಗ್ರಂಥಗಳನ್ನು ಅಳೆಯಲು ಈ ವಾದ ಒಳ್ಳೆಯ ಮಾನದಂಡ.

ರೈಕ್ ಅವರ ಶಕ್ತಿ ವಿಶದತೆಯಲ್ಲಿದೆ. ಸಂಖ್ಯಾಶಾಸ್ತ್ರದ ಕ್ಲಿಷ್ಟ ತರ್ಕವನ್ನು ಸಾಮಾನ್ಯ ಓದುಗನಿಗೆ ಇಷ್ಟು ನಿರಾಯಾಸವಾಗಿ ತಲಪಿಸಿದವರು ವಿರಳ. ಅಮೆಜಾನಿನ ಸುರುಯಿ, ಕರಿಟಿಯಾನಾ ಜನರಲ್ಲಿ ಆಸ್ಟ್ರೇಲಿಯಾ–ನ್ಯೂಗಿನಿಯ ಜನರೊಡನೆ ಒಂದು ಕ್ಷೀಣ ಸಂಬಂಧವನ್ನು ಅವರ ತಂಡ 2015ರಲ್ಲಿ ಗುರುತಿಸಿತು. ಆ ಅಜ್ಞಾತ ಪೂರ್ವಜರಿಗೆ ಟುಪಿ ಭಾಷೆಯ ‘ಪೂರ್ವಜ’ ಎಂಬರ್ಥದ ಪದದಿಂದ ‘ವೈ’ ಎಂಬ ಸಂಕೇತವನ್ನು ಕೊಟ್ಟಿತು. ಹೆಸರಿಡುವುದು ನಿರುಪದ್ರವಿಯಾದ ಕೆಲಸವಲ್ಲವೆಂಬುದನ್ನು ರೈಕ್ ಅರಿಯದವರಲ್ಲ. 2009ರ ಭಾರತೀಯ ಅಧ್ಯಯನದ ಕಾಲದಲ್ಲಿ ಹೈದರಾಬಾದಿನ ಲಾಲ್‌ಜಿ ಸಿಂಗ್ ಮತ್ತು ತಂಗರಾಜ್ ಅವರು ಆಕ್ಷೇಪಿಸಿದ ಮೇಲೆ, ಪಶ್ಚಿಮದಿಂದ ಬಂದವರೆಂಬ ಮಾತನ್ನು ಬಿಟ್ಟು, ‘ಪ್ರಾಚೀನ ಉತ್ತರ ಭಾರತೀಯರು’, ‘ಪ್ರಾಚೀನ ದಕ್ಷಿಣ ಭಾರತೀಯರು’ ಎಂಬ ಹೆಸರುಗಳಿಗೆ ಒಡಂಬಟ್ಟುದನ್ನು ಅವರೇ ಈ ಗ್ರಂಥದಲ್ಲಿ ವಿವರಿಸಿದ್ದಾರೆ. ಭಾರತೀಯ ಸಹಶೋಧಕರಿಗೆ ದೊರೆತ ಈ ತಡೆಯುವ ಶಕ್ತಿ ಕರಿಟಿಯಾನಾ ಜನರಿಗೆ ಎಲ್ಲಿ ದೊರೆಯಿತು?

ಗ್ರಂಥದ ಶೀರ್ಷಿಕೆಯಲ್ಲಿಯ ‘ನಾವು’ ಎಂಬ ಸರ್ವನಾಮವೂ ವಿಚಾರಾರ್ಹ. ತೆಲುಗಿನಲ್ಲಿ ‘ಮನಮು’ ಎಂದರೆ ಕೇಳುವವನೂ ಸೇರಿದ ನಾವು. ‘ಮೇಮು’ ಎಂದರೆ ಅವನನ್ನು ಬಿಟ್ಟ ನಾವು. ಟುಪಿ ಬಳಗದ ನುಡಿಗಳಲ್ಲಿಯೂ ಈ ಭೇದವುಂಟು. ಇಂದಿನ ಕನ್ನಡಕ್ಕೂ ಇಂಗ್ಲಿಷಿಗೂ ಅದಿಲ್ಲ. ರೈಕ್ ಅವರ ‘ನಾವು’ ಮೇಲ್ನೋಟಕ್ಕೆ ಎಲ್ಲರನ್ನೂ ಒಳಗೊಳ್ಳುತ್ತದೆ. ಪುಟಗಳು ಸರಿದಂತೆ ಅದು ಶೋಧಿಸುವವರ ‘ನಾವು’ ಆಗಿ ಸಂಕುಚಿತವಾಗುತ್ತದೆ. ಅಪನಂಬಿಕೆಯಿಂದ ಅಮೆರಿಕಾದಲ್ಲಿ ಸಂಶೋಧನೆ ಹಿಂದುಳಿಯಿತೆಂದು ಅವರು ವಿಷಾದಿಸುವ ಧ್ವನಿಯಲ್ಲಿ ಇದು ಸ್ಪಷ್ಟ. ಆ ಅಪನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅರಿಜೋನಾದ ಹವಸುಪಾಯಿ ಜನರು 1990ರಿಂದ ಮಧುಮೇಹದ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು, ಅವರಿಗೆ ತಿಳಿಸದೆ, ಮನೋರೋಗದ ಮತ್ತು ವಲಸೆಯ ಶೋಧಗಳಿಗೂ ಬಳಸಲಾಯಿತು; 2010ರಲ್ಲಿ ರಾಜಿಯಾಗಿ 41 ಮಂದಿಗೆ 7,00,000 ಡಾಲರ್ ಪರಿಹಾರ ದೊರೆತು, ರಕ್ತ ಹಿಂದಿರುಗಿತು. ರೈಕ್ ಇದನ್ನು ಹೇಳದೆ ಬಿಟ್ಟಿಲ್ಲ. ಆದರೆ ಶೋಧನೆಗೆ ಒದಗಿದ ವಿಘ್ನವೆಂಬ ಸ್ಥಾನ ಮಾತ್ರ ಅದಕ್ಕೆ ದೊರೆತಿದೆ.

ರಾಫ್ ಅವರ ಗ್ರಂಥ ಆರಂಭವಾಗುವುದೇ ಬೇರೆ ಬಗೆಯಲ್ಲಿ. ಕೆನ್ನೆವಿಕ್ ಶೋಧವಾದ ವರ್ಷದಲ್ಲಿಯೇ ಅಲಾಸ್ಕಾದ ಒಂದು ದ್ವೀಪದ ಗುಹೆಯಲ್ಲಿ 10,000 ವರ್ಷಗಳಿಗೂ ಹಿಂದಿನ ಅಸ್ಥಿಗಳು ದೊರೆತವು. ಅಲ್ಲಿ ಟ್ಲಿಂಗಿಟ್ ಜನರಿಗೆ ಕೂಡಲೇ ಸುದ್ದಿ ಮುಟ್ಟಿತು. ಅವರು ಚರ್ಚಿಸಿ, ಅಧ್ಯಯನಕ್ಕೆ ಒಪ್ಪಿ, ‘ಶುಕಾ ಕಾ’ ಎಂದು, ನಮಗಿಂತ ಮುಂದಿದ್ದವನೆಂದು, ಹೆಸರಿಟ್ಟರು. 2008ರಲ್ಲಿ ಆತನಿಗೆ ಮತ್ತೆ ಮಣ್ಣಾಯಿತು. ನ್ಯಾಯಾಲಯವೂ ಇಲ್ಲ, ದ್ವೇಷವೂ ಇಲ್ಲ; ಜ್ಞಾನಕ್ಕೆ ಕೊರತೆಯೂ ಆಗಲಿಲ್ಲ. ಈ ಪ್ರಸಂಗವನ್ನು ಮೊದಲಿಗೆ ಇಟ್ಟುದೇ ಲೇಖಕಿಯ ವಾದ. ಬೇರೆ ಉಪದೇಶದ ಅಗತ್ಯ ಅವರಿಗೆ ಬೀಳಲಿಲ್ಲ. ದಿಬ್ಬಗಳನ್ನು ಕಟ್ಟಿದವರು ಮೂಲನಿವಾಸಿಗಳಲ್ಲ, ಅಳಿದುಹೋದ ಯಾವುದೋ ಶ್ರೇಷ್ಠ ಜನಾಂಗವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬಿದ್ದ ಕಥೆಯನ್ನು ಅವರು ಬಿಚ್ಚಿ ತೋರಿಸುವ ಭಾಗವೂ ಮೌಲಿಕ. ನೆಲವನ್ನು ಕಸಿದುಕೊಂಡವರಿಗೆ ಆ ಕಥೆ ಎಷ್ಟು ಅನುಕೂಲವಾಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಕೆನ್ನೆವಿಕ್ ತಲೆಬುರುಡೆಯ ಸುತ್ತ ಎದ್ದ ಗದ್ದಲ ಅದೇ ಕಥೆಯ ಹೊಸ ಆವೃತ್ತಿ.

ಆದರೂ ಕೃತಿ ನಿರ್ದೋಷವಲ್ಲ. ಪುರಾತನರ ಬದುಕನ್ನು ಕಣ್ಣಿಗೆ ಕಟ್ಟಿಸಲೆಂದು ಲೇಖಕಿ ಅಲ್ಲಲ್ಲಿ ಕಲ್ಪಿತ ದೃಶ್ಯಗಳನ್ನು ಸೇರಿಸಿದ್ದಾರೆ. ಕಾದಂಬರಿಯಲ್ಲಿ ಇವು ಶೋಭಿಸುತ್ತಿದ್ದವು. ಪ್ರಮಾಣವೆಷ್ಟು, ಊಹೆಯೆಷ್ಟು ಎಂದು ಪುಟಪುಟಕ್ಕೂ ಎಚ್ಚರಿಸುವ ಗ್ರಂಥದಲ್ಲಿ, ಸಾವಿರಾರು ವರ್ಷಗಳ ಹಿಂದಿನವರ ದುಃಖವನ್ನು ವಿಜ್ಞಾನಿ ತಾನೇ ಊಹಿಸಿ ಬರೆದಾಗ, ಸಮ್ಮತಿಯ ಪ್ರಶ್ನೆ ಹಿಂಬಾಗಿಲಿನಿಂದ ಮರಳಿ ಬರುತ್ತದೆ. ಪಾಶ್ಚಾತ್ಯ ವಿಜ್ಞಾನದ ದೃಷ್ಟಿಯಿಂದಲೇ ಬರೆಯುವುದಾಗಿ ಲೇಖಕಿ ನಿಶ್ಚಯಿಸಿದುದು ಪ್ರಾಮಾಣಿಕತೆ. ಆದರೆ ಆ ನಿಶ್ಚಯದಿಂದ ಜನರ ಸ್ವಂತ ಮೂಲಕಥನಗಳಿಗೆ ಗ್ರಂಥದಲ್ಲಿ ವಿಸ್ತಾರವಾದ ಎಡೆ ಸಿಗದೆಹೋಯಿತು. ಅವನ್ನು ವಿಜ್ಞಾನದ ಪಕ್ಕದಲ್ಲಿ, ಅದರ ಕೆಳಗಲ್ಲ, ಇಟ್ಟು ನೋಡುವ ಅವಕಾಶ ರೈಕ್ ಅವರಿಗಿಂತ ರಾಫ್ ಅವರಿಗೇ ಹೆಚ್ಚಾಗಿತ್ತು.

2024ರ ಜನವರಿಯಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮಗಳ ಪ್ರಕಾರ, ಅಮೆರಿಕಾ ಸಂಯುಕ್ತ ಸಂಸ್ಥಾನದ ವಸ್ತುಸಂಗ್ರಹಾಲಯಗಳು ಮೂಲನಿವಾಸಿಗಳ ಅಸ್ಥಿಗಳನ್ನು ಪ್ರದರ್ಶಿಸುವ, ಶೋಧಕ್ಕೆ ಒಪ್ಪಿಸುವ ಮುನ್ನ ಅವರ ಮುಂಗಡ ಸಮ್ಮತಿಯನ್ನು ಪಡೆಯಬೇಕು. ಎರಡೂ ಗ್ರಂಥಗಳು ಅದಕ್ಕೆ ಹಿಂದಿನವು. ಮುಂದಿನ ಆವೃತ್ತಿಯಲ್ಲಿ ರೈಕ್ ಅವರು ತಮ್ಮ ಅಮೆರಿಕಾದ ಅಧ್ಯಾಯವನ್ನು ತಿದ್ದಿ ಬರೆಯಬೇಕಾದೀತು. ರಾಫ್ ಅವರಿಗೆ ಒಂದು ಹೊಸ ಅಧ್ಯಾಯವನ್ನು ಸೇರಿಸಿದರೆ ಸಾಕು.